ಇಷ್ಟದ ಒಂದು ಕೃತಿ, ಅದರಲ್ಲಿ ಒಂದೇ ಒಂದು ಮೂಲೆ

ಮಸಿಕುಡಿಕೆ
ಇಷ್ಟದ ಚಿತ್ರ, ಶಿಲ್ಪ, ಕಟ್ಟಡ ಯಾವುದು ಅಂತ ಕೇಳಿದರೆ ಮೋನಾಲಿಸಾ, ಡೇವಿಡ್, ತಾಜ್ ಮಹಲ್ ಅಂತ ಎಲ್ಲರೂ ಸರಸರ ಪಟ್ಟಿ ಒಪ್ಪಿಸಿಬಿಡ್ತೀವಿ. ಆ ಪಟ್ಟಿ ಇಲ್ಲಿ ಬೇಡ. ಒಂದೇ ಕೃತಿ ಹೇಳಿ. ಅದರಲ್ಲೂ ನಿಮ್ಮ ಕಣ್ಣು ಪದೇ ಪದೇ ಹೋಗಿ ಕೂರುವ ಮೂಲೆ ಯಾವುದು, ಯಾಕೆ ಅಂತ ಹೇಳಿ. ಅಂಗೈಯಗಲ ಜಾಗ ಆದರೂ ಸಾಕು.

ನನ್ನಿಂದಲೇ ಶುರು. ಯಾನ್ ವ್ಯಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಡೀ ಹಲಗೆಯ ಎತ್ತರವೇ ಸುಮಾರು 82 ಸೆಂಟಿಮೀಟರ್. ಗಂಡ ಹೆಂಡತಿ ಕೈ ಹಿಡಿದು ನಿಂತಿದ್ದಾರೆ, ಇಬ್ಬರ ನಡುವೆ ಹಿಂದಿನ ಗೋಡೆಯಲ್ಲಿ ಒಂದು ಉಬ್ಬುಗನ್ನಡಿ. ಅದರೊಳಗೆ ನೋಡಿ. ದಂಪತಿಯ ಬೆನ್ನು ಕಾಣುತ್ತೆ, ಕಿಟಕಿ ಬಾಗಿ ಕಾಣುತ್ತೆ, ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದಾರೆ. ಅಂದರೆ ಚಿತ್ರ ನೋಡುವವರು ನಿಲ್ಲೋ ಜಾಗದಲ್ಲೇ ಅವರಿದ್ದಾರೆ! ಕನ್ನಡಿಯ ಚೌಕಟ್ಟಿನ ಸುತ್ತ ಹತ್ತು ಪುಟ್ಟ ಬಿಲ್ಲೆಗಳು, ಒಂದೊಂದರಲ್ಲೂ ಯೇಸುವಿನ ಕಡೆಯ ದಿನಗಳ ಒಂದೊಂದು ದೃಶ್ಯ. ಕನ್ನಡಿಯ ಮೇಲ್ಗಡೆ ಗೋಡೆಗೇ ಬರೆದ ಹಾಗೆ ಬಳ್ಳಿಬಳ್ಳಿ ಅಕ್ಷರದಲ್ಲಿ ‘ಯಾನ್ ವ್ಯಾನ್ ಐಕ್ ಇಲ್ಲಿದ್ದ, 1434’ ಅಂತ ಸಹಿ.

ಸಹಿ ಮಾಡೋದಾದ್ರೆ ಹೀಗೆ ಮಾಡಬೇಕು. ಈಗ ನೀವು ಹೇಳಿ.

ಗುಮ್ಮಟಹುಚ್ಚ
ರೋಮಿನ ಪ್ಯಾಂಥಿಯನ್, ಗುಮ್ಮಟದ ಹಳೇ ದೇಗುಲ. ಮೂಲೆ ಅಂದ್ರೆ ಅದರ ನೆಲ.

ಒಳಗೆ ಬಂದವರೆಲ್ಲ ಕತ್ತು ನೋಯೋವರೆಗೆ ಮೇಲೆ ನೋಡ್ತಾರೆ. ನೆತ್ತಿಯಲ್ಲಿ ದೊಡ್ಡ ದುಂಡು ತೂತು, ಅದಕ್ಕೆ ಗಾಜಿಲ್ಲ, ಮುಚ್ಚಳ ಇಲ್ಲ, ಮಳೆ ನೇರ ಒಳಗೆ ಬೀಳುತ್ತೆ. ಆ ನೀರು ಎಲ್ಲಿಗೆ ಹೋಗಬೇಕು? ಅಮೃತಶಿಲೆಯ ನೆಲವನ್ನ ಕಣ್ಣಿಗೆ ಗೊತ್ತಾಗದಷ್ಟು ಇಳಿಜಾರು ಮಾಡಿ, ನಡುವೆ ಸಣ್ಣ ಸಣ್ಣ ತೂತು ಕೊರೆದಿದ್ದಾರೆ. ಮೇಲಿನ ತೂತಿನ ಬಗ್ಗೆ ಎಲ್ಲರೂ ಬರೀತಾರೆ, ಕೆಳಗಿನ ತೂತುಗಳನ್ನ ಯಾರೂ ಕೇಳಲ್ಲ.

ಎರಡನೇ ಶತಮಾನದ ಕಟ್ಟಡ. ಗುಮ್ಮಟದ ವ್ಯಾಸ 43 ಮೀಟರಿಗೂ ಸ್ವಲ್ಪ ಜಾಸ್ತಿ, ನೆಲದಿಂದ ತೂತಿನವರೆಗಿನ ಎತ್ತರವೂ ಅಷ್ಟೇ. ಕಬ್ಬಿಣ ಹಾಕದ ಕಾಂಕ್ರೀಟು. ಬುಡದಲ್ಲಿ ಭಾರದ ಕಲ್ಲು ಬೆರೆಸಿ, ಮೇಲೆ ಹೋಗ್ತಾ ಹೋಗ್ತಾ ಹಗುರ ಮಾಡಿ, ನೆತ್ತಿಯಲ್ಲಿ ಜ್ವಾಲಾಮುಖಿಯ ತೂತುತೂತಾದ ಹಗುರ ಕಲ್ಲು ಬಳಸಿದ್ದಾರೆ.

ಸುಮ್ನೆಓದುಗ
ಅಂದ್ರೆ 1900 ವರ್ಷದಿಂದ ಸೋರ್ತಾ ಇರೋ ಮನೆ ಅಂತಾಯ್ತು 😀

ಗುಮ್ಮಟಹುಚ್ಚ
ಸೋರೋದಲ್ಲ ಸ್ವಾಮಿ, ಬೇಕಂತಲೇ ಬಿಟ್ಟಿರೋದು. ಒಳಗೆ ಬೆಳಕು ಬರೋದಕ್ಕೆ ಬಾಗಿಲು ಬಿಟ್ರೆ ಅದೊಂದೇ ದಾರಿ. ಸೂರ್ಯ ಸರಿದ ಹಾಗೆ ಬೆಳಕಿನ ಬಿಲ್ಲೆ ಗೋಡೆ ಮೇಲೆ ಸರೀತಾ ಹೋಗುತ್ತೆ.

ಕೆಂಪುಹಂಚು
ಅಲ್ರೀ, ಗುಮ್ಮಟದ ಮಾತು ತಗದು ಸೀದಾ ರೋಮಿಗೆ ಹೋಗಿಬಿಟ್ರಲ್ಲ! ವಿಜಯಪುರದ ಗೋಲಗುಮ್ಮಟ ಏನು ಪಾಪ ಮಾಡೇತಿ?

ಮಾತಾಡಿದ್ದು ತಿರುಗಿ ಕೇಳಸ್ತೈತಿ ಅನ್ನೂದೊಂದೇ ಎಲ್ಲಾರಿಗೂ ಗೊತ್ತು. ಮ್ಯಾಲೆ ಹತ್ತಿ, ಕೂಗಿ, ಇಳದು ಬರ್ತಾರ. ನಾ ಹೇಳೂ ಮೂಲಿ ಬ್ಯಾರೆ. ಕೆಳಗ ಚೌಕ ಖೋಲಿ, ಮ್ಯಾಲೆ ದುಂಡನ್ನ ಗುಮ್ಮಟ. ಚೌಕದ ಮ್ಯಾಲೆ ದುಂಡಂದು ಕೂಡಸೂದು ಹ್ಯಾಂಗ? ಅಲ್ಲಿ ಎಂಟು ಕಮಾನು ಒಂದನ್ನೊಂದು ಕತ್ತರಿಸಿಕೋತ ಹೋಗ್ಯಾವ. ಕೆಳಗ ನಿಂತು ನೋಡಿದ್ರ ಎರಡು ಚೌಕ ಒಂದರ ಮ್ಯಾಲೊಂದು ತಿರುವಿ ಇಟ್ಟಂಗ ಕಾಣತೈತಿ. ಆ ಕಮಾನು ಕೂಡೂ ಜಾಗಾ ಒಳಗ ಚಾಚಿಕೊಂಡು ಬಂದು, ಗುಮ್ಮಟ ಕೂಡಾಕ ದುಂಡನ ಕಟ್ಟಿ ಆಗೇತಿ. ಹೊರಗ ತಳ್ಳೂ ಭಾರಾನ ಇವು ಒಳಗಿಂದ ಹಿಡದು ನಿಂತಾವ. ನಡುವ ಒಂದು ಕಂಬಿಲ್ಲ. 1656ರಾಗ ಮುಹಮ್ಮದ್ ಆದಿಲ್‌ಶಾ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು.

ಕೂಗೂದು ಬಿಟ್ಟು ಒಮ್ಮೆ ಆ ಕಮಾನು ನೋಡ್ರಿ.

ಗುಮ್ಮಟಹುಚ್ಚ
@ಕೆಂಪುಹಂಚು ಒಳವ್ಯಾಸ ನೋಡಿದ್ರೆ ಗೋಲಗುಮ್ಮಟ ಸುಮಾರು 38 ಮೀಟರ್, ಪ್ಯಾಂಥಿಯನ್ನೇ ದೊಡ್ಡದು. ಆದ್ರೆ ಒಂದು ಮಾತು ಒಪ್ತೀನಿ. ಪ್ಯಾಂಥಿಯನ್ ಗುಮ್ಮಟ ದುಂಡು ಗೋಡೆ ಮೇಲೆ ದುಂಡಾಗೇ ಕೂತಿದೆ, ಅಲ್ಲಿ ಚೌಕದ ತಲೆನೋವೇ ಇಲ್ಲ. ಲೆಕ್ಕ ಕಷ್ಟ ಇದ್ದದ್ದು ವಿಜಯಪುರದವರಿಗೇ.

ಕೆಂಪುಹಂಚು
ಅಷ್ಟು ಒಪ್ಪಿದ್ರಲ್ಲ, ಸಾಕು ಬಿಡ್ರಿ.

ಇಟ್ಟಿಗೆಗೂಡು
ಗುಮ್ಮಟದವರು ಜಗಳ ಮುಗಿಸೋ ಮೊದಲು ಫ್ಲಾರೆನ್ಸನ್ನೂ ಸೇರಿಸಿಕೊಳ್ಳಿ. ಅಲ್ಲಿನ ದೊಡ್ಡ ಚರ್ಚಿನ ಗುಮ್ಮಟ ಕಟ್ಟಿದ್ದು ಬ್ರುನೆಲ್ಲೆಸ್ಕಿ, 1420ರಿಂದ 1436. ಎಂಟು ಮುಖದ ಗುಮ್ಮಟ, ಸುಮಾರು 45 ಮೀಟರ್ ಅಗಲ, 40 ಲಕ್ಷಕ್ಕೂ ಮೀರಿ ಇಟ್ಟಿಗೆ. ನೆಲದಿಂದ ಮರದ ಆಸರೆ ಕಟ್ಟದೆ ಮೇಲೆಬ್ಬಿಸಿದ್ದು. ನನ್ನ ಮೂಲೆ ಇಟ್ಟಿಗೆ ಜೋಡಿಸಿದ ಕ್ರಮ. ಅಡ್ಡ ಸಾಲಿನ ನಡುನಡುವೆ ಒಂದೊಂದು ಇಟ್ಟಿಗೆ ನೆಟ್ಟಗೆ ನಿಲ್ಲಿಸಿದ್ದಾರೆ, ಅದು ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗುತ್ತೆ. ಗಾರೆ ಇನ್ನೂ ಹಸಿ ಇರುವಾಗ ಒಳಕ್ಕೆ ವಾಲಿದ ಸಾಲು ಜಾರದ ಹಾಗೆ ಹಿಡಿಯೋದು ಆ ನೆಟ್ಟಗಿನ ಇಟ್ಟಿಗೆ.

ಬಳಪದಕಲ್ಲು
ಬೇಲೂರಿನ ಮದನಿಕೆಯರು ಅಂದ್ರೆ ದರ್ಪಣ ಸುಂದರಿ ಅಂತಾರೆ ಎಲ್ಲರೂ. ಅವಳನ್ನ ಬಿಡಿ. ಒಬ್ಬ ಮದನಿಕೆಯ ತಲೆ ಮೇಲಿನ ಬಳ್ಳಿಚಪ್ಪರದಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ಒಂದು ನೊಣ, ನೊಣ ಹಿಡಿಯೋಕೆ ಹೊಂಚುಹಾಕಿ ಕೂತ ಹಲ್ಲಿ. ಗೊಂಬೆ ಇರೋದು ಮಾಡಿನ ಅಡಿಗೆ, ಎತ್ತರದಲ್ಲಿ. ಕೆಳಗಿನಿಂದ ನೋಡೋರಿಗೆ ಆ ನೊಣ ಕಾಣಲಿ ಬಿಡಲಿ, ಕೆತ್ತಿದವನು ಬಿಟ್ಟಿಲ್ಲ. ಯಾರಿಗೋಸ್ಕರ ಕೆತ್ತಿದ ಅನ್ನೋದೇ ನನ್ನ ಪ್ರಶ್ನೆ.

ಹಳೇಪುಸ್ತಕ
ಅದೇ ನಮ್ಮವರ ದೊಡ್ಡತನ. ವ್ಯಾನ್ ಐಕ್ ‘ನಾನಿಲ್ಲಿದ್ದೆ’ ಅಂತ ಗೋಡೆ ಮೇಲೆ ಬರ್ಕೊಂಡ. ನಮ್ಮ ಶಿಲ್ಪಿಗಳು ಒಂದು ಹೆಸರೂ ಹಾಕದೆ, ದೇವರಿಗೆ ಅರ್ಪಿಸಿ ಹೋದ್ರು.

ಬಳಪದಕಲ್ಲು
@ಹಳೇಪುಸ್ತಕ ಅವರೇ, ಈ ಮಾತು ಎಲ್ಲ ಕಡೆ ಓಡಾಡುತ್ತೆ, ಹೊಯ್ಸಳರ ವಿಷಯದಲ್ಲಂತೂ ಸುಳ್ಳು. ಬೇಲೂರಿನಲ್ಲೇ ಮದನಿಕೆಯರ ಪಾದಪೀಠದ ಮೇಲೆ ಹೆಸರು ಕೆತ್ತಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವನು ಅನ್ನೋ ಧಾಟಿಯ ಬಿರುದುಗಳೂ ಇವೆ. ಹದಿಮೂರನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಎಷ್ಟು ವಿಗ್ರಹಗಳ ಕೆಳಗಿದೆ ನೋಡಿ ಬನ್ನಿ. ವಿನಯ ಗಿನಯ ಏನೂ ಇಲ್ಲ, ನಾನು ಮಾಡಿದ್ದು ಅಂತ ಎದೆ ತಟ್ಟಿ ಹೇಳ್ಕೊಂಡಿದ್ದಾರೆ. ಅದೇ ಚೆಂದ.

ಹಳೇಪುಸ್ತಕ
ಹೊಯ್ಸಳರದ್ದು ಸರಿ. ಅಜಂತಾದ್ದು ಹೇಳಿ ಮತ್ತೆ? ಒಂದನೇ ಗುಹೆಯ ಪದ್ಮಪಾಣಿ ಬರೆದವನ ಹೆಸರು ಯಾರಿಗೆ ಗೊತ್ತು? ಅರ್ಧ ಮುಚ್ಚಿದ ಕಣ್ಣು, ಬೆರಳ ತುದಿಯಲ್ಲಿ ಹಿಡಿದ ತಾವರೆ. ಆ ಬೆರಳು ಹೂವನ್ನ ಹಿಡಿದಿದೆಯೋ ಮುಟ್ಟಿದೆಯೋ ಅಂತ ಹೇಳೋಕಾಗಲ್ಲ. ನನ್ನ ಮೂಲೆ ಅದೇ.

ನೀಲಿಗೆರೆ
ಮೈಕೆಲೆಂಜೆಲೊ ಸಹಿ ಹಾಕಿದ್ದು ಒಂದೇ ಒಂದು ಕೃತಿಗೆ, ಸತ್ತ ಯೇಸುವನ್ನ ಮೇರಿ ಮಡಿಲಲ್ಲಿಟ್ಟುಕೊಂಡ ಪಿಯೆಟಾ ಶಿಲ್ಪಕ್ಕೆ. ಮೇರಿಯ ಎದೆಗೆ ಅಡ್ಡ ಹಾದುಹೋಗುವ ಪಟ್ಟಿಯ ಮೇಲೆ. ಆಗ ಇಪ್ಪತ್ತೈದೂ ತುಂಬಿರಲಿಲ್ಲ ಅವನಿಗೆ. ಹುಡುಗುತನ ಎಲ್ಲ ಕಡೆ ಒಂದೇ 🙂

ಕಡಲಸಾಲು
ಎಲ್ಲ ಕಲ್ಲು ಇಟ್ಟಿಗೆಯೇ ಆಯ್ತಲ್ಲ ಮಾರಾಯ್ರೆ. ಚಿತ್ರಕ್ಕೆ ಬನ್ನಿ. ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದ್ದೀರಾ? ನರ್ತಕಿಯ ಒಂದು ಚಿತ್ರ ತಗೊಳ್ಳಿ, ಭುಜದಿಂದ ಹೊರಟ ಗೆರೆ ಸೊಂಟ ದಾಟಿ ಕಾಲಿಗೆ ಬರುವಾಗ ಎಲ್ಲಿ ದಪ್ಪ ಆಗ್ತದೆ, ಎಲ್ಲಿ ಸಪೂರ ಆಗ್ತದೆ ನೋಡಿ. ಪೆನ್ನು ಎತ್ತಿದ ಹಾಗೇ ಕಾಣುದಿಲ್ಲ. ಚಲನೆ ಮೈಗೆ ಹತ್ತಬೇಕು ಅಂತ ಅವರು ಕಥಕ್ ಕಲಿತಿದ್ರು. ನೃತ್ಯದ ಫೋಟೊ ನೋಡಿ ಬರೆದದ್ದಕ್ಕೂ ಕುಣಿದು ಬರೆದದ್ದಕ್ಕೂ ವ್ಯತ್ಯಾಸ ಉಂಟು.

ಪರದೆಹಿಂದೆ
ಎಲ್ಲರಿಗೂ ಒಂದು ಪ್ರಶ್ನೆ, ಸಿಟ್ಟು ಮಾಡ್ಕೋಬೇಡಿ. ಇವುಗಳಲ್ಲಿ ಎಷ್ಟನ್ನ ಎದುರು ನಿಂತು ನೋಡಿದ್ದೀರಿ, ಎಷ್ಟನ್ನ ಮೊಬೈಲಿನಲ್ಲಿ ಜೂಮ್ ಮಾಡಿ ನೋಡಿದ್ದೀರಿ? ಆರ್ನೊಲ್ಫಿನಿ ಕನ್ನಡಿಯ ಬಿಲ್ಲೆಗಳು ಗ್ಯಾಲರಿಯ ಜನಜಂಗುಳಿಯಲ್ಲಿ ಯಾವ ಕಣ್ಣಿಗೂ ಸರಿಯಾಗಿ ಕಾಣಲ್ಲ. ಜೂಮ್ ಮಾಡಿ ಕಂಡದ್ದನ್ನ ನನ್ನ ಇಷ್ಟದ ಮೂಲೆ ಅಂತ ಹೇಳೋದು ಎಷ್ಟು ಸರಿ?

ಮಸಿಕುಡಿಕೆ
ತುಂಬಾನೇ ಸರಿ. ಒಳ್ಳೆ ಸ್ಕ್ಯಾನ್ ಇದ್ರೆ ವ್ಯಾನ್ ಐಕನ ಕುಂಚ ಹೋದ ದಾರಿಯೆಲ್ಲ ಕಾಣುತ್ತೆ, ಯಾಕೆ ನೋಡಬಾರದು? ಎದುರು ನಿಂತವರಿಗೆ ಮಾತ್ರ ಪ್ರೀತಿಸೋ ಹಕ್ಕು ಅಂದ್ರೆ ಮುಕ್ಕಾಲು ಪಾಲು ಜನ ಬಾಯಿ ಮುಚ್ಕೊಂಡಿರಬೇಕಾಗುತ್ತೆ.

ಉಳಿಸುತ್ತಿಗೆ
ಚಿತ್ರಕ್ಕೆ ಆ ವಾದ ನಡೀಬಹುದು, ಶಿಲ್ಪಕ್ಕೆ ನಡೆಯಲ್ಲ. ಬರ್ನಿನಿಯ ಅಪೊಲೊ ಮತ್ತು ಡಾಫ್ನೆ ತಗೊಳ್ಳಿ, 1622ರಿಂದ 25ರ ನಡುವೆ ಮಾಡಿದ್ದು, ರೋಮಿನ ಬೋರ್ಗೇಸೆ ಗ್ಯಾಲರಿಯಲ್ಲಿದೆ. ಗ್ರೀಕ್ ಪುರಾಣದ ಕಥೆ: ಅಟ್ಟಿಸಿಕೊಂಡು ಬಂದ ಅಪೊಲೊ ದೇವರು ಮುಟ್ಟಿದ ಗಳಿಗೆಯಲ್ಲಿ ಡಾಫ್ನೆ ಮರವಾಗ್ತಾಳೆ. ಮೊದಲು ಅದನ್ನ ಇಟ್ಟಿದ್ದ ರೀತಿಯಲ್ಲಿ, ಒಳಗೆ ಬರೋರಿಗೆ ಮುಂಚೆ ಕಾಣ್ತಿದ್ದದ್ದು ಓಡುತ್ತಿರೋ ಅಪೊಲೊನ ಬೆನ್ನು. ಒಂದೊಂದು ಹೆಜ್ಜೆ ಸುತ್ತಿ ಬಂದ ಹಾಗೆ ಅವಳ ಮೈ, ತೊಗಟೆ, ಕಡೆಗೆ ಬೆರಳ ತುದಿಯ ಎಲೆಗಳು. ಕಥೆ ನಡೆಯೋದೇ ನಿಮ್ಮ ಕಾಲ ನಡಿಗೆಯಲ್ಲಿ. ಫೋಟೊದಲ್ಲಿ ಕಥೆ ಮುಗಿದ ಮೇಲಿನ ಒಂದು ಗಳಿಗೆ ಸಿಗುತ್ತೆ, ಅಷ್ಟೇ.

ಕಾಲ್ಬೆರಳು ನೋಡಿ, ಬೇರಾಗಿ ನೆಲಕ್ಕೆ ಇಳೀತಾ ಇದೆ. ಎಲೆಗಳನ್ನಂತೂ ಬೆಳಕು ತೂರಿಬರೋಷ್ಟು ತೆಳ್ಳಗೆ ಕೆತ್ತಿದ್ದಾರೆ. ಒಂದೇ ಅಮೃತಶಿಲೆ, ಒಂದು ಕಡೆ ಚರ್ಮ, ಪಕ್ಕದಲ್ಲೇ ತೊಗಟೆ!

ನೀಲಿಗೆರೆ
ಆ ಎಲೆ, ಬೇರು ಎಲ್ಲ ಕೆತ್ತಿದ್ದು ಬರ್ನಿನಿ ಕೈಕೆಳಗೆ ಕೆಲಸ ಮಾಡ್ತಿದ್ದ ಜೂಲಿಯಾನೊ ಫಿನೆಲ್ಲಿ ಅಂತಾರೆ. ಸಹಿ ವಿಷಯ ಬಂತಲ್ಲ, ಅದಕ್ಕೆ ಹೇಳಿದೆ. ನೀವು ಹೊಗಳಿದ ಮೂಲೆ ಬರ್ನಿನಿಯದ್ದೇ ಅಲ್ಲ.

ಉಳಿಸುತ್ತಿಗೆ
ಕೈ ಯಾರದ್ದಾದ್ರೂ ಇರಲಿ, ಅಲ್ಲಿ ಎಲೆ ಬರಬೇಕು ಅಂತ ಯೋಚಿಸಿದ್ದು ಯಾರು? ದೊಡ್ಡ ಶಿಲ್ಪಿಯ ಕಾರ್ಯಾಗಾರ ಅಂದ್ರೆ ಹತ್ತಾರು ಕೈ ಇದ್ದೇ ಇರುತ್ತೆ.

ನೀಲಿಗೆರೆ
ಹಾಗಾದ್ರೆ ಹೊಗಳೋದನ್ನೂ ಹಂಚಿ ಕೊಡಿ ಸಾರ್. ಫಿನೆಲ್ಲಿ ತನಗೆ ಸಲ್ಲಬೇಕಾದ ಹೆಸರು ಸಿಗಲಿಲ್ಲ ಅಂತಲೇ ಬರ್ನಿನಿಯನ್ನ ಬಿಟ್ಟು ಹೋದದ್ದು.

ತೆರೆಮೇಲೆ
@ಪರದೆಹಿಂದೆ ಅವರ ಪ್ರಶ್ನೆಗೆ ಅಡ್ಡಪ್ರಶ್ನೆ. ಜಪಾನಿನ ಹೊಕುಸಾಯ್‌ನ ದೊಡ್ಡ ಅಲೆ, 1831ರ ಆಸುಪಾಸಿನದು. ಮರದ ಅಚ್ಚಿನಿಂದ ಸಾವಿರಗಟ್ಟಲೆ ಒತ್ತಿ ಮಾರಿದ್ದು. ಇದರಲ್ಲಿ ಅಸಲಿ ಯಾವುದು? ಒತ್ತಿದಷ್ಟೂ ಅಚ್ಚು ಸವೆಯುತ್ತೆ, ಆಮೇಲಿನ ಪ್ರತಿಗಳಲ್ಲಿ ಸಣ್ಣ ಗೆರೆಗಳು ತುಂಡು ತುಂಡು. ಒಂದು ಮ್ಯೂಸಿಯಂನಲ್ಲಿ ಎದುರು ನಿಂತು ನೋಡಿದ ಸವೆದ ಪ್ರತಿಗಿಂತ, ಮೊದಲ ಕಾಲದ ಪ್ರತಿಯ ಒಳ್ಳೆ ಸ್ಕ್ಯಾನೇ ಮೇಲು ಅಂತ ನಾನಂತೂ ಹೇಳ್ತೀನಿ.

ನನ್ನ ಮೂಲೆ ದೋಣಿಗಳು. ಜನ ಅಲೆ ನೋಡ್ತಾರೆ, ಜಾಣರು ಹಿಂದಿರೋ ಪುಟ್ಟ ಫೂಜಿ ಬೆಟ್ಟ ನೋಡ್ತಾರೆ. ಮೂರು ದೋಣಿ ಇದೆ, ಅದರಲ್ಲಿ ಜನ ಸಾಲಾಗಿ ಬಗ್ಗಿ ಅವುಚಿಕೊಂಡು ಕೂತಿದ್ದಾರೆ. ಇನ್ನೊಂದು ಕ್ಷಣಕ್ಕೆ ಅವರ ಗತಿ ಏನು? ಆ ನೀಲಿ ಬಣ್ಣ ಯುರೋಪಿನಿಂದ ಬಂದ ಪ್ರಷ್ಯನ್ ನೀಲಿ. ಆಮೇಲೆ ಅದೇ ಚಿತ್ರಗಳು ಯುರೋಪಿಗೆ ಹೋಗಿ ಅಲ್ಲಿನವರಿಗೆ ಹುಚ್ಚು ಹಿಡಿಸಿದವು.

ಪರದೆಹಿಂದೆ
ಮುದ್ರಣದ ಉದಾಹರಣೆ ತಂದು ಜಾರಿಕೊಂಡ್ರಿ. ವ್ಯಾನ್ ಗೋನ ತಾರೆಗಳ ರಾತ್ರಿ ತನ್ನಿ. ಬಣ್ಣ ಮೆತ್ತಿದ ದಪ್ಪಕ್ಕೆ ನೆರಳು ಬೀಳುತ್ತೆ ಅದರಲ್ಲಿ. ಪಕ್ಕಕ್ಕೆ ಸರಿದ್ರೆ ಆ ನೆರಳು, ಆ ಹೊಳಪು ಬದಲಾಗುತ್ತೆ. ಯಾವ ಸ್ಕ್ಯಾನ್ ಕೊಡುತ್ತೆ ಇದನ್ನ?

ಸುಮ್ನೆಓದುಗ
ವೆಲಾಸ್ಕೆಸ್‌ನ ಲಾಸ್ ಮೆನಿನಾಸ್. ಆ ಚಿತ್ರದಲ್ಲಿ ತನ್ನನ್ನೂ ಬರೆದುಕೊಂಡಿದ್ದಾನಲ್ಲ, ಅವನ ಎದೆ ಮೇಲಿನ ಕೆಂಪು ಶಿಲುಬೆ. ಅದು ಸ್ಯಾಂಟಿಯಾಗೊ ಅನ್ನೋ ವೀರರ ಪಂಗಡದ ಪದವಿಯ ಗುರುತು. ಚಿತ್ರ 1656ರದ್ದು, ಆ ಪದವಿ ಸಿಕ್ಕಿದ್ದು 1659ರಲ್ಲಿ. ಶಿಲುಬೆ ಯಾವಾಗ ಬಂತು ಲೆಕ್ಕ ಹಾಕ್ಕೊಳ್ಳಿ.

ಹಾಲುಗನ್ನಡಿ
ಇಷ್ಟು ಹೊತ್ತಾದ್ರೂ ವರ್ಮೀರ್ ಹೆಸರು ಬರಲಿಲ್ಲ ಅಂತ ಬರೀತಿದ್ದೀನಿ. ಡ್ರೆಸ್ಡೆನ್‌ನಲ್ಲಿರೋ, ತೆರೆದ ಕಿಟಕಿ ಹತ್ತಿರ ಪತ್ರ ಓದ್ತಾ ನಿಂತ ಹುಡುಗಿ. ಕಿಟಕಿ ಗಾಜಿನಲ್ಲಿ ಅವಳ ಮುಖದ ಪ್ರತಿಬಿಂಬ ಮಸುಕಾಗಿ ಬಿದ್ದಿದೆ. ಪತ್ರ ನೋಡ್ತಿರೋ ಅವಳಿಗೆ ಅದು ಕಾಣಲ್ಲ, ನಮಗೆ ಮಾತ್ರ ಕಾಣುತ್ತೆ.

ಈಗ ಸಂಕಟದ ವಿಷಯ. ಅವಳ ಹಿಂದೆ ಮುಂಚೆ ಇದ್ದದ್ದು ಖಾಲಿ ಗೋಡೆ. ಅದರಡಿ ಒಂದು ಮನ್ಮಥನ ಚಿತ್ರ ಇದೆ ಅಂತ ಎಕ್ಸ್‌ರೇಯಲ್ಲಿ ಹಿಂದೆಯೇ ಗೊತ್ತಾಗಿತ್ತು, ವರ್ಮೀರನೇ ಮನಸ್ಸು ಬದಲಾಯಿಸಿ ಮುಚ್ಚಿದ ಅಂತ ಎಲ್ಲರೂ ಅಂದ್ಕೊಂಡಿದ್ರು. ಅಲ್ಲವಂತೆ, ಅವನು ಸತ್ತು ಎಷ್ಟೋ ಕಾಲದ ಮೇಲೆ ಬೇರೆ ಯಾರೋ ಬಳಿದದ್ದು. ಮೇಲಿನ ಬಣ್ಣ ಕೆರೆದು 2021ರಲ್ಲಿ ಮನ್ಮಥನ ಜೊತೆಗೇ ಪ್ರದರ್ಶನಕ್ಕಿಟ್ರು. ದೊಡ್ಡ ಗಂಡು ಮಗು, ಕೈಯಲ್ಲಿ ಬಿಲ್ಲು, ಗೋಡೆ ತುಂಬಾ. ನನಗೆ ಖಾಲಿ ಗೋಡೆಯೇ ಇಷ್ಟ. ಪತ್ರದಲ್ಲಿ ಏನಿದೆಯೋ ಅನ್ನೋ ಅನುಮಾನಕ್ಕೆ ಜಾಗ ಇತ್ತು. ಈಗ ಪ್ರೇಮಪತ್ರ ಅಂತ ಬೋರ್ಡ್ ಹಾಕಿದ ಹಾಗಾಗಿದೆ.

ಬಳಪದಕಲ್ಲು
ನಿಮ್ಮ ಇಷ್ಟ ನಿಮ್ಮದು, ಆದ್ರೆ ಖಾಲಿ ಗೋಡೆ ವರ್ಮೀರನದಲ್ಲ. ಅವನು ಬರೆದದ್ದನ್ನ ಮುಚ್ಚಿಟ್ಟು ಅವನನ್ನೇ ಹೊಗಳೋದು ವಿಚಿತ್ರ.

ಹಾಲುಗನ್ನಡಿ
ಬರೆದವನ ಆಯ್ಕೆಯೇ ಯಾವಾಗಲೂ ಚೆಂದ ಅಂತ ಎಲ್ಲಿದೆ ನಿಯಮ? ತಲೆಮಾರುಗಟ್ಟಲೆ ಜನ ಪ್ರೀತಿಸಿದ್ದು ಆ ಖಾಲಿ ಗೋಡೆಯನ್ನ.

ಹಳೇಪುಸ್ತಕ
@ಹಾಲುಗನ್ನಡಿ ಅವರ ಪರ ನನ್ನದೊಂದು ವೋಟು. ಸಿಸ್ಟೀನ್ ಚಾಪೆಲ್ ಒಳಛಾವಣಿಯ ಮೈಕೆಲೆಂಜೆಲೊ ಚಿತ್ರ ತೊಳೆದಾಗಲೂ ಇದೇ ಗಲಾಟೆ. 1980ರಿಂದ 1989ರವರೆಗೆ ನಡೀತು ಆ ಕೆಲಸ. ಮೇಣದಬತ್ತಿಯ ಮಸಿ ಹೋಗಿ ಹಸಿರು, ಕಿತ್ತಳೆ, ನೇರಳೆ ಎಲ್ಲ ಕಣ್ಣಿಗೆ ರಾಚಿದಾಗ ಅರ್ಧ ಜನ ಕುಣಿದ್ರು, ಅರ್ಧ ಜನ ಮೈಕೆಲೆಂಜೆಲೊನ ಕೈಕೆಲಸವನ್ನೂ ಸೇರಿಸಿ ತೊಳೆದುಬಿಟ್ರು ಅಂದ್ರು.

ಇಟ್ಟಿಗೆಗೂಡು
ರೆಂಬ್ರಾಂಟನ ‘ರಾತ್ರಿ ಪಹರೆ’ ರಾತ್ರಿಯದೇ ಅಲ್ಲ, ವಾರ್ನಿಶ್ ಕಪ್ಪಾಗಿ ರಾತ್ರಿ ಆಗಿತ್ತು. ಅಷ್ಟೇ ಅಲ್ಲ, 1715ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪುರಭವನದ ಗೋಡೆಗೆ ಹಿಡಿಸಲಿಲ್ಲ ಅಂತ ನಾಲ್ಕೂ ಬದಿ ಕತ್ತರಿಸಿದ್ರು! ಕತ್ತರಿಸೋ ಮೊದಲೇ, ರೆಂಬ್ರಾಂಟನ ಕಾಲದಲ್ಲೇ ಮಾಡಿದ ಒಂದು ಸಣ್ಣ ನಕಲು ಉಳಿದಿತ್ತು, ಅದನ್ನ ನೋಡ್ಕೊಂಡು 2021ರಲ್ಲಿ ಕಂಪ್ಯೂಟರಿನಿಂದ ಹೋದ ಅಂಚುಗಳನ್ನ ಮಾಡಿ ಕೆಲವು ಕಾಲ ಜೋಡಿಸಿಟ್ಟಿದ್ರು. ಎಡಗಡೆ ಕಾಣೆಯಾದವರು ವಾಪಸ್ ಬಂದ ಮೇಲೆ ಮುಂದಾಳುಗಳಿಬ್ಬರು ನಟ್ಟನಡುವಿನಿಂದ ಬಲಕ್ಕೆ ಸರಿದು, ನಡ್ಕೊಂಡು ಬರ್ತಿದ್ದಾರೆ ಅನ್ನಿಸುತ್ತೆ.

ಕತ್ತಲಕೋಣೆ
ವರ್ಮೀರ್ ಕತ್ತಲ ಪೆಟ್ಟಿಗೆಯಲ್ಲಿ ಬಿಂಬ ಬೀಳಿಸಿಕೊಂಡು ಬರೀತಿದ್ದನೋ ಇಲ್ಲವೋ ಅಂತ ಪಂಡಿತರು ಇನ್ನೂ ಕಿತ್ತಾಡ್ತಿದ್ದಾರೆ. ನನಗೆ ಅದಕ್ಕಿಂತ ಕುತೂಹಲ ಹಂಪಿಯ ವಿರೂಪಾಕ್ಷ ಗುಡಿಯದ್ದು. ಗುಡಿಯ ಹಿಂಭಾಗದ ಕತ್ತಲಲ್ಲಿ, ಗೋಡೆಯ ಒಂದು ಕಿಂಡಿಯಿಂದ ಬೆಳಕು ಬಂದು, ಎದುರಿನ ಗೋಡೆ ಮೇಲೆ ದೊಡ್ಡ ಗೋಪುರದ ಬಿಂಬ ತಲೆಕೆಳಗಾಗಿ ಬೀಳುತ್ತೆ. ಕಲಶ ಕೆಳಗೆ, ಬುಡ ಮೇಲೆ. ಮಸೂರ ಇಲ್ಲ, ಕನ್ನಡಿ ಇಲ್ಲ. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿಯಲ್ಲಿ ತೂರಿ ನೇರ ಕೆಳಗೆ ಹೋಗಿ ಬೀಳುತ್ತೆ, ಬುಡದ ಬೆಳಕು ಮೇಲೆ. ಅಷ್ಟೇ ಗುಟ್ಟು. ಕಿಂಡಿ ದೊಡ್ಡದಾದ್ರೆ ಬಿಂಬ ಮಬ್ಬು, ತೀರಾ ಸಣ್ಣದಾದ್ರೆ ಬೆಳಕೇ ಸಾಲಲ್ಲ. ಇಲ್ಲಿ ಅದು ಹದವಾಗಿ ಕೂತಿದೆ.

ಪರದೆಹಿಂದೆ
ಬೇಕಂತ ಮಾಡಿದ್ದೋ, ಹಾಗೇ ಆಗಿಹೋದದ್ದೋ?

ಕತ್ತಲಕೋಣೆ
ಯಾವ ಶಾಸನವೂ ಹೇಳಲ್ಲ. ಬೇಕಂತ ಮಾಡಿದ್ದು ಅಂತ ನಂಬೋಕೆ ಆಸೆ. ಆದ್ರೆ ಯಾವ ಕತ್ತಲ ಕೋಣೆಯ ಕಿಂಡಿಯೂ ಹೀಗೆ ಮಾಡಬಲ್ಲದು, ಅದನ್ನ ಮರೀಬಾರದು.

ಎರಕದಮನೆ
ಚೋಳರ ಕಂಚಿನ ನಟರಾಜ. ಹಿಂದಿನಿಂದ ನೋಡಿ. ಮ್ಯೂಸಿಯಂಗಳಲ್ಲಿ ಗೋಡೆಗೆ ಒತ್ತಿ ಇಟ್ಟು ಈ ಭಾಗ್ಯವನ್ನೇ ತಪ್ಪಿಸಿಬಿಡ್ತಾರೆ, ಅದೊಂದು ಸಿಟ್ಟು ನನಗೆ. ಮುಂದೆ ಪ್ರಭಾವಳಿ, ನಾಲ್ಕು ಕೈ, ಡಮರು, ಬೆಂಕಿ, ಎಷ್ಟೊಂದು ಗದ್ದಲ. ಹಿಂದೆ ಬರೀ ಬೆನ್ನುಹುರಿಯ ಒಂದು ತಗ್ಗು, ಸೊಂಟದ ತಿರುವು. ಇಡೀ ಕುಣಿತದ ತೂಕ ಒಂದು ಕಾಲ ಮೇಲೆ ಹೇಗೆ ನಿಂತಿದೆ ಅಂತ ಗೊತ್ತಾಗೋದು ಅಲ್ಲೇ.

ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಸುಟ್ಟು, ಮೇಣ ಕರಗಿ ಹೋದ ಜಾಗಕ್ಕೆ ಲೋಹ ಹೊಯ್ಯೋದು. ಆಮೇಲೆ ಮಣ್ಣಿನ ಅಚ್ಚು ಒಡೆದೇ ಮೂರ್ತಿ ತೆಗೀಬೇಕು. ಹಾಗಾಗಿ ಒಂದರ ಹಾಗೆ ಇನ್ನೊಂದಿಲ್ಲ. @ತೆರೆಮೇಲೆ ಅವರ ಸಾವಿರ ಪ್ರತಿಗೆ ಇದು ನನ್ನ ಉತ್ತರ.

ನೀಲಿಗೆರೆ
ಲೋಹದ ಮಾತು ಬಂದದ್ದಕ್ಕೆ ಶಿಲ್ಪಿ ಬ್ರಾಂಕುಸಿಯ ಕಥೆ. 1926ರಲ್ಲಿ ಅವನ ‘ಆಕಾಶದಲ್ಲಿ ಹಕ್ಕಿ’ ಅಮೆರಿಕಕ್ಕೆ ಬಂತು. ಕಲಾಕೃತಿಗೆ ಸುಂಕ ಇರಲಿಲ್ಲ. ಸುಂಕದವರು ನೋಡಿದ್ರು: ರೆಕ್ಕೆ ಇಲ್ಲ, ಕೊಕ್ಕಿಲ್ಲ, ಮೇಲಕ್ಕೆ ಚೂಪಾದ ಹೊಳೆಯೋ ಕಂಚು. ಅಡುಗೆಮನೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಬಾಬ್ತಿಗೆ ಸೇರಿಸಿ 40 ಪರ್ಸೆಂಟ್ ಸುಂಕ ಹಾಕಿದ್ರು! ಕೋರ್ಟಿಗೆ ಹೋಗಿ, 1928ರಲ್ಲಿ ಅದು ಕಲೆಯೇ ಅಂತ ತೀರ್ಪು ಬಂತು.

ಕೆಂಪುಹಂಚು
ಸುಂಕದವ್ರದು ತಪ್ಪೇನೈತ್ರಿ? ರೆಕ್ಕಿ ಇಲ್ಲದ್ದಕ್ಕ ಹಕ್ಕಿ ಅಂದ್ರ ಯಾರು ನಂಬಬೇಕು?

ನೀಲಿಗೆರೆ
ಹಕ್ಕಿ ಅಲ್ಲ ಸಾರ್ ಅದು, ಹಾರಾಟ. ಬುಡದ ಹತ್ತಿರ ಸಪೂರ ಆಗೋ ಜಾಗ ನೋಡಿ. ಅಷ್ಟು ತೆಳುವಾದ ಕಾಲ ಮೇಲೆ ಅಷ್ಟೆತ್ತರದ ಲೋಹ ನಿಂತಿದೆ, ಈಗ ಎದ್ದುಹೋಗುತ್ತೆ ಅನ್ನಿಸೋದು ಅದರಿಂದಲೇ.

ಕಡಲಸಾಲು
ಎತ್ತರದ ಮಾತಿಗೆ ಶ್ರವಣಬೆಳಗೊಳವೂ ಇರ್ಲಿ. 57 ಅಡಿ ಗೊಮ್ಮಟನ ಮುಖ ಎಲ್ಲರೂ ನೋಡ್ತಾರೆ, ನಾನು ನೋಡುದು ಕಾಲ ಬುಡದ ಹುತ್ತ. ಹಾವು ಹೆಡೆ ಎತ್ತಿ ಹೊರಗೆ ಬಂದಿದೆ, ಬಳ್ಳಿ ತೊಡೆ ಹತ್ತಿ ತೋಳು ಸುತ್ತಿದೆ. ಎಷ್ಟು ಕಾಲ ಅಲುಗದೆ ನಿಂತಿದ್ದಾನೆ ಅಂತ ಮುಖ ಹೇಳುದಿಲ್ಲ, ಆ ಹುತ್ತ ಹೇಳ್ತದೆ. ತೊಡೆಯಿಂದ ಮೇಲೆ ಹಿಂದೆ ಆಸರೆಯೇ ಇಲ್ಲ, ನೆನಪಿರಲಿ.

ಗುಮ್ಮಟಹುಚ್ಚ
ಇಸ್ತಾಂಬುಲಿನ ಹಾಜಿಯಾ ಸೋಫಿಯಾ ಯಾರೂ ಹೇಳಲಿಲ್ಲ. ಗುಮ್ಮಟದ ಬುಡದ ಸುತ್ತ 40 ಕಿಟಕಿ. ಬಿಸಿಲು ಬಂದಾಗ ಗೋಡೆ ಮತ್ತು ಗುಮ್ಮಟದ ನಡುವೆ ಬರೀ ಬೆಳಕಿರುತ್ತೆ, ಗುಮ್ಮಟ ಯಾವುದರ ಮೇಲೂ ಕೂತಿಲ್ಲ ಅನ್ನಿಸುತ್ತೆ. 532ರಿಂದ 537, ಐದೇ ವರ್ಷದಲ್ಲಿ ಕಟ್ಟಿ ಮುಗಿಸಿದ್ರು.

ಕೆಂಪುಹಂಚು
ಐದು ವರ್ಷದಾಗ ಕಟ್ಟಿದ್ದು ಹೇಳಿದ್ರಿ, 558ರಾಗ ಬಿದ್ದದ್ದೂ ಹೇಳ್ರಿ ಮತ್ತ. ಈಗಿರೂದು ಆಮ್ಯಾಲೆ ಎತ್ತರ ಮಾಡಿ ಕಟ್ಟಿದ್ದು. ನಮ್ಮ ಗೋಲಗುಮ್ಮಟ ಒಮ್ಮೆನೂ ಬಿದ್ದಿಲ್ಲ.